ಕಟ್ಟೆ ಹಾಕಿ ಕಂಡುಕೊಂಡ ದಾರಿ

ಕಳೆದ ಭಾನುವಾರ ನನ್ನ ಮೊಮ್ಮಗಳು ಬನ್ನು ಮಾಡುತ್ತೇನೆಂದು ಅಡುಗೆಮನೆ ಹೊಕ್ಕಳು. ಒಂದು ಲೋಟ ಉಗುರುಬೆಚ್ಚಗಿನ ನೀರು, ಅದರಲ್ಲಿ ಒಂದು ಚಮಚ ಸಕ್ಕರೆ, ಮೇಲೆ ಅಂಗಡಿಯಿಂದ ತಂದ ಒಣ ಯೀಸ್ಟಿನ ಕಂದು ಕಾಳು. ಕಾಳುಗಳು ಮೊದಲು ತೇಲುತ್ತಿದ್ದವು. ಆಮೇಲೆ ಒಂದೊಂದಾಗಿ ನೆನೆದು, ಹೊಗೆಯ ಎಳೆಯಂತೆ ನೀರೊಳಗೆ ಇಳಿದವು. ಐದಾರು ನಿಮಿಷಕ್ಕೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಹತ್ತು ನಿಮಿಷಕ್ಕೆ ಬೆರಳಗಲದ ನೊರೆ, ಮಾಗಿದ ಹಣ್ಣಿನಂಥ ವಾಸನೆ. "ಅಜ್ಜ, ಇದು ಸಕ್ಕರೆ ತಿಂದು ಹೀಗಾಗಿದ್ದಾ?" ಎಂದಳು. ಹೌದು ಮಗಳೇ ಎಂದೆ. ಆದರೆ ಮೂವತ್ತು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನಿಗೆ ಅಷ್ಟು ಹೇಳಿ ಸುಮ್ಮನಾಗಲು ಮನಸ್ಸಾಗುವುದಿಲ್ಲ. ಅವಳಿಗೆ ಆಮೇಲೆ ಹೇಳಿದ್ದನ್ನೇ ಇವತ್ತು ನಿಮಗೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ಚಹಾಕ್ಕೆ ಹಾಕುವ ಸಕ್ಕರೆಯ ಒಂದೊಂದು ಅಣುವೂ ಜೋಡಿ ಅಣು. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೈ ಕೈ ಹಿಡಿದು ನಿಂತಿರುತ್ತವೆ. ಯೀಸ್ಟ್ ಕೋಶ ಈ ಜೋಡಿಯನ್ನು ಬಹುಮಟ್ಟಿಗೆ ತನ್ನ ಹೊಸ್ತಿಲಿನ ಹೊರಗೇ ಬಿಡಿಸುತ್ತದೆ. ಬಿಡಿಸಿದ ಮೇಲೆ ಒಂದೊಂದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಬಿಡಿಸುವ ಕೆಲಸ ಇನ್ವರ್ಟೇಸ್ ಎಂಬ ಕಿಣ್ವದ್ದು. ಕಿಣ್ವವೆಂದರೆ ಪ್ರೋಟೀನ್. ಅದು ಕೂತಿರುವ ಜಾಗ ಕೋಶದ ಪೊರೆಯ ಆಚೆ, ಹೊರಗಿನ ಗಟ್ಟಿ ಗೋಡೆಯ ಈಚೆ, ಮನೆಯ ಜಗಲಿ ಇದ್ದ ಹಾಗೆ. ತಯಾರಾಗುವುದು ಮಾತ್ರ ಕೋಶದ ಒಳಗೆ. ಒಳಗೆ ಹುಟ್ಟಿದ ಪ್ರೋಟೀನು ಜಗಲಿಗೆ ಬಂದದ್ದು ಹೇಗೆ?

ಸಣ್ಣ ಪ್ರಶ್ನೆ ಅನ್ನಿಸಬಹುದು. ಯೀಸ್ಟ್ ಕೋಶವೇ ಎಷ್ಟು ಸಣ್ಣದೆಂದರೆ ಒಂದು ಮಿಲಿಮೀಟರಿನ ಉದ್ದಕ್ಕೆ ಸುಮಾರು 200 ಕೋಶಗಳನ್ನು ಸಾಲಾಗಿ ಕೂರಿಸಬಹುದು. ಅಷ್ಟರೊಳಗೆ ದೂರ ಯಾವುದು, ಪ್ರಯಾಣ ಯಾವುದು? ಆದರೆ ಇಲ್ಲಿ ತೊಡಕು ದೂರದ್ದಲ್ಲ, ಗೋಡೆಯದು. ಕೋಶದೊಳಗೆ ಕೋಣೆಗಳಿವೆ. ವಂಶವಾಹಿಗಳಿರುವ ಕೋಶಕೇಂದ್ರ, ಉಸಿರಾಟದ ಮೈಟೋಕಾಂಡ್ರಿಯ, ಹಾಳೆ ಹಾಳೆಯಾಗಿ ಹರಡಿಕೊಂಡ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅದರಾಚೆ ಗಾಲ್ಜಿ, ಬೇಡವಾದದ್ದನ್ನು ಜೀರ್ಣಿಸುವ ರಸದಾನಿ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂದು ಮತ್ತೆ ಮತ್ತೆ ಹೇಳುವುದು ಕಷ್ಟ, ಇನ್ನು ಮುಂದೆ ಅದನ್ನು ಜಾಲ ಎಂದಷ್ಟೇ ಕರೆಯುತ್ತೇನೆ. ಈ ಒಂದೊಂದು ಕೋಣೆಯ ಗೋಡೆಯೂ ಕೊಬ್ಬಿನ ಪೊರೆ. ಪ್ರೋಟೀನಿನಂಥ ದೊಡ್ಡ ಅಣು ಅದನ್ನು ತಾನಾಗಿ ದಾಟಲಾರದು. ಜೊತೆಗೆ ಯೀಸ್ಟಿನಲ್ಲಿ ಸುಮಾರು 6000 ಬಗೆಯ ಪ್ರೋಟೀನುಗಳಿವೆ. ಹೆಚ್ಚುಕಡಿಮೆ ಎಲ್ಲವೂ ಕೋಶದ್ರವದಲ್ಲಿರುವ, ಪ್ರೋಟೀನು ಕಟ್ಟುವ ಯಂತ್ರಗಳಾದ ರೈಬೋಸೋಮುಗಳಲ್ಲೇ ಹುಟ್ಟುತ್ತವೆ, ಬೇರೆ ಬೇರೆ ಕೋಣೆಗೆ ಸೇರುತ್ತವೆ. ಅಪ್ಪಿತಪ್ಪಿ ಬೇರೆ ಕಡೆ ಹೋದರೆ ಕೆಲಸ ಕೆಡುತ್ತದೆ. ರಸದಾನಿಯ ಜೀರ್ಣಕ ಕಿಣ್ವ ಹಾದಿ ತಪ್ಪಿ ಎಲ್ಲೆಂದರಲ್ಲಿ ಸುರಿದರೆ ಏನಾದೀತು ಎಂದು ಯೋಚಿಸಿ ನೋಡಿ.

ಯಾವ ಪ್ರೋಟೀನ್ ಎಲ್ಲಿಗೆ ಹೋಗಬೇಕೆಂದು ಯಾರು ಹೇಳುತ್ತಾರೆ? ಪ್ರೋಟೀನೇ ಹೇಳುತ್ತದೆ. ವಿಳಾಸ ಅದರ ಮೈಯಲ್ಲೇ ಬರೆದಿದೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಗುಂಟರ್ ಬ್ಲೋಬೆಲ್ 1970ರ ದಶಕದಲ್ಲಿ ಇದನ್ನು ತೋರಿಸಿದರು, 1999ರಲ್ಲಿ ಅವರಿಗೆ ನೊಬೆಲ್ ಬಂತು. ಇದಕ್ಕೆ ಇನ್ವರ್ಟೇಸಿಗಿಂತ ಚೆಂದದ ನಿದರ್ಶನ ನನಗೆ ಗೊತ್ತಿಲ್ಲ. ಯೀಸ್ಟಿನಲ್ಲಿ ಒಂದೇ ವಂಶವಾಹಿಯಿಂದ ಎರಡು ಬಗೆಯ ಇನ್ವರ್ಟೇಸ್ ತಯಾರಾಗುತ್ತದೆ. ಒಂದಕ್ಕೆ ತಲೆಯ ಕಡೆ ಸುಮಾರು 20 ಅಮೈನೋ ಆಮ್ಲಗಳ ತುಣುಕೊಂದು ಹೆಚ್ಚಿಗೆ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಮಿಕ್ಕಂತೆ ಎರಡೂ ಒಂದೇ. ತುಣುಕು ಇರುವುದು ಜಾಲದೊಳಗೆ ನುಗ್ಗಿ, ಅಲ್ಲಿಂದ ಮುಂದೆ ಸಾಗಿ, ಹೊರ ಜಗಲಿಗೆ ಬರುತ್ತದೆ. ಇಲ್ಲದ್ದು ಹುಟ್ಟಿದಲ್ಲೇ ಉಳಿಯುತ್ತದೆ. ಇನ್ನೂ ಒಂದು ಸೊಗಸಿದೆ. ಜಾಲದ ಬಾಗಿಲು ದಾಟಿದ ಮೇಲೆ ಆ ತುಣುಕನ್ನು ಕತ್ತರಿಸಿ ಹಾಕಲಾಗುತ್ತದೆ. ಅದಕ್ಕೇ ಹೊರಗೆ ಬಂದ ಇನ್ವರ್ಟೇಸನ್ನು ಹಿಡಿದು ನೋಡಿದರೆ ವಿಳಾಸದ ಗುರುತೂ ಸಿಗುವುದಿಲ್ಲ.

ಜಾಲದೊಳಗೆ ಹೊಕ್ಕ ಮೇಲಿನ ದಾರಿಯನ್ನು ಮೊದಲು ಕಣ್ಣಿಂದ ಕಂಡವರು ಜಾರ್ಜ್ ಪಲಾಡೆ. ಗಿನಿಯಿಲಿಯ ಮೇದೋಜ್ಜೀರಕ ಗ್ರಂಥಿಯ ಚೂರುಗಳಿಗೆ ವಿಕಿರಣ ಸೂಸುವ ಅಮೈನೋ ಆಮ್ಲವನ್ನು ಕೆಲವೇ ನಿಮಿಷ ಉಣಿಸಿ, ಆಮೇಲೆ ಹೊತ್ತುಹೊತ್ತಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೊಸ ಪ್ರೋಟೀನು ಮೊದಲು ಜಾಲದಲ್ಲಿ, ಆಮೇಲೆ ಗಾಲ್ಜಿಯಲ್ಲಿ, ಕೊನೆಗೆ ಪೊರೆಯ ಹತ್ತಿರದ ಚೀಲಗಳಲ್ಲಿ ಕಂಡಿತು. ಒಂದು ಕೋಣೆಯ ಪೊರೆ ಉಬ್ಬಿ, ಮೊಗ್ಗಾಗಿ, ಸರಕು ತುಂಬಿದ ಪುಟ್ಟ ಚೀಲವಾಗಿ ಕಳಚಿಕೊಳ್ಳುತ್ತದೆ. ಆ ಚೀಲ ಮುಂದಿನ ಕೋಣೆಯ ಪೊರೆಯಲ್ಲಿ ಬೆರೆತು ಹೋಗುತ್ತದೆ. ಹಾಗಾಗಿ ಪ್ರೋಟೀನು ಪೊರೆಯನ್ನು ಮತ್ತೆ ಮತ್ತೆ ತೂರಬೇಕಾಗಿಯೇ ಇಲ್ಲ. 1974ರಲ್ಲಿ ಪಲಾಡೆಯವರಿಗೆ ನೊಬೆಲ್ ಸಂದಿತು. ದಾರಿ ಕಂಡಿತ್ತು, ಸರಿ. ಚೀಲವನ್ನು ಉಬ್ಬಿಸುವವರು, ಕಳಚುವವರು, ಬೆಸೆಯುವವರು ಯಾರು ಎಂಬುದು ಕಂಡಿರಲಿಲ್ಲ. ಚಿತ್ರದಲ್ಲಿ ಚೀಲ ಕಾಣುತ್ತದೆ, ಚೀಲ ಕಟ್ಟುವ ಕೈ ಕಾಣುವುದಿಲ್ಲ.

ಆ ಕೈಗಳನ್ನು ಹುಡುಕಲು ಯೀಸ್ಟಿನ ಹತ್ತಿರ ಹೋದವರು ರ್‍ಯಾಂಡಿ ಶೆಕ್‌ಮನ್. ಅವರ ಬಾಲ್ಯದ ಒಂದು ಸಂಗತಿ ನನಗೆ ಬಹಳ ಇಷ್ಟ. ಹುಡುಗ ಸೂಕ್ಷ್ಮದರ್ಶಕ ಕೊಳ್ಳಬೇಕೆಂದು ಅಕ್ಕಪಕ್ಕದವರ ಅಂಗಳದ ಹುಲ್ಲು ಕತ್ತರಿಸಿ ದುಡ್ಡು ಕೂಡಿಡುತ್ತಿದ್ದ. ಕೂಡಿಟ್ಟದ್ದು ಮನೆಯ ಖರ್ಚಿಗೆ ಹೋಗುತ್ತಿತ್ತು. ಒಂದು ದಿನ ಬೇಸತ್ತು ಸೈಕಲ್ ಹತ್ತಿ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ, ನಾನು ಮನೆ ಬಿಟ್ಟು ಹೋಗುತ್ತೇನೆ, ಅಮ್ಮ ನನ್ನ ದುಡ್ಡು ತೆಗೆದುಕೊಂಡುಬಿಡುತ್ತಾಳೆ ಎಂದು ದೂರು ಕೊಟ್ಟ. ಮನೆಯವರು ಠಾಣೆಗೆ ಬಂದರು. ಅವತ್ತೇ ಗಿರವಿ ಅಂಗಡಿಯೊಂದರಲ್ಲಿ ಹಳೆಯ ಸೂಕ್ಷ್ಮದರ್ಶಕ ಕೊಂಡದ್ದಾಯಿತು. ಮಕ್ಕಳು ಇಂಥದ್ದಕ್ಕೆ ಹಟ ಹಿಡಿದರೆ, ದಯವಿಟ್ಟು, ಹೇಗಾದರೂ ಮಾಡಿ ಕೊಡಿಸಿ.

ಶೆಕ್‌ಮನ್ 1976ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಗೆ ಅಧ್ಯಾಪಕರಾಗಿ ಬಂದರು. ಯೀಸ್ಟಿನ ಕೆಲಸದಲ್ಲಿ ಅವರಿಗೆ ಹಿಂದಿನ ಅನುಭವವಿರಲಿಲ್ಲ. ಸಂಶೋಧನೆಗೆ ಹಣ ಕೇಳಿ ಹಾಕಿದ ಮೊದಲ ಅರ್ಜಿಯೊಂದು ತಿರಸ್ಕೃತವಾಯಿತು. ಪ್ರಾಣಿಕೋಶದ ಗಾಲ್ಜಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ ಎದ್ದು ಕಾಣುತ್ತದೆ, ಯೀಸ್ಟಿನದು ಚೆದುರಿಕೊಂಡಿದೆ. ಇಂಥ ಕೋಶ ನಮ್ಮ ಗ್ರಂಥಿಗಳ ಗುಟ್ಟು ಹೇಳೀತೇ ಎಂಬ ಅನುಮಾನ ಸಹಜವೇ ಆಗಿತ್ತು.

ಅವರು ಹಿಡಿದ ಉಪಾಯವನ್ನು ನೀರಾವರಿ ಜಮೀನು ಇರುವವರು ಬೇಗ ಹಿಡಿಯುತ್ತಾರೆ. ಮಣ್ಣಿನಡಿಯ ಕೊಳವೆಯಲ್ಲಿ ನೀರು ಎಲ್ಲಿ ಹೋಗುತ್ತಿದೆಯೋ ಗೊತ್ತಾಗದಿದ್ದರೆ ಏನು ಮಾಡುತ್ತೇವೆ? ಒಂದೊಂದು ತೂಬು ಮುಚ್ಚಿ, ಎಲ್ಲಿ ತುಂಬಿ ನಿಂತಿತು ನೋಡುತ್ತೇವೆ. ಹರಿಯುವಾಗ ಕಾಣದ್ದು ನಿಂತಾಗ ಕಾಣುತ್ತದೆ. ಶೆಕ್‌ಮನ್ ಮತ್ತು ಅವರ ವಿದ್ಯಾರ್ಥಿ ಪೀಟರ್ ನೋವಿಕ್ ಯೀಸ್ಟಿನ ಸಾಗಣೆಗೆ ಕಟ್ಟೆ ಹಾಕಿದರು. ರಾಸಾಯನಿಕದಿಂದ ವಂಶವಾಹಿಗಳಲ್ಲಿ ಅಲ್ಲೊಂದು ಇಲ್ಲೊಂದು ಊನ ಹುಟ್ಟಿಸಿ, ಆ ಕೋಶಗಳಲ್ಲಿ ಪ್ರೋಟೀನು ಹೊರಬಾರದವನ್ನು ಆರಿಸಿದರು. ಆದರೆ ಇಲ್ಲಿ ಒಂದು ಇಕ್ಕಟ್ಟಿದೆ. ಸಾಗಣೆ ಪೂರಾ ನಿಂತರೆ ಕೋಶ ಸತ್ತೇಹೋಗುತ್ತದೆ. ಸತ್ತದ್ದನ್ನು ಬೆಳೆಸಿ ಪರೀಕ್ಷಿಸುವುದು ಹೇಗೆ? ಅದಕ್ಕಾಗಿ ಸೆಕೆಗೆ ಮಾತ್ರ ಕೆಡುವ ಊನಗಳನ್ನು ಹುಡುಕಿದರು. ಸುಮಾರು 25 ಡಿಗ್ರಿಯಲ್ಲಿ ಆ ಕೋಶಗಳು ಎಲ್ಲದರಂತೆ ಬೆಳೆಯುತ್ತವೆ. 37 ಡಿಗ್ರಿಗೆ ಏರಿಸಿದರೆ ತೂಬು ಬಿದ್ದಂತೆ ಸಾಗಣೆ ನಿಲ್ಲುತ್ತದೆ.

ಮೊದಲು ಸಿಕ್ಕ ಊನಕ್ಕೆ ಸೆಕ್-1 ಎಂದು ಹೆಸರಿಟ್ಟರು, ಸ್ರವಿಸುವಿಕೆಗೆ ಇಂಗ್ಲಿಷಿನಲ್ಲಿ ಸೆಕ್ರೀಷನ್ ಎನ್ನುವುದರಿಂದ. 1979ರಲ್ಲಿ ಅದು ಪ್ರಕಟವಾಯಿತು. ಆ ಕೋಶಗಳನ್ನು ಬೆಚ್ಚಗೆ ಮಾಡಿ, ತೆಳುವಾಗಿ ಕೊಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಚಿತ್ರವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ತೋರಿಸುತ್ತಿದ್ದೆ. ಆರೋಗ್ಯವಾದ ಯೀಸ್ಟಿನಲ್ಲಿ ಹುಡುಕಿದರೂ ಚೀಲಗಳು ಸಿಗುವುದು ಅಪರೂಪ, ಅಷ್ಟು ಬೇಗ ಅವು ಹುಟ್ಟಿ ಬೆರೆತುಹೋಗುತ್ತವೆ. ಇಲ್ಲಿ ಹಾಗಲ್ಲ. ಕೋಶದ ತುಂಬ ಒಂದಕ್ಕೊಂದು ಒತ್ತಿಕೊಂಡು ನಿಂತ ದುಂಡು ಚೀಲಗಳು, ರಾಗಿ ತುಂಬಿದ ಬಟ್ಟಲಿನ ಹಾಗೆ. ಮೊಗ್ಗಿನಂತೆ ಬೆಳೆಯುತ್ತಿರುವ ಮರಿಕೋಶದ ಕಡೆಗಂತೂ ಕಿಕ್ಕಿರಿದು ನಿಂತಿರುತ್ತವೆ. ಒಂದೊಂದರ ಅಗಲ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು. ಒಳಗಿರುವುದು ಜಗಲಿ ತಲುಪದ ಇನ್ವರ್ಟೇಸ್. ಹಾಗೇ ಆ ಕೋಶಗಳನ್ನು ಮತ್ತೆ ತಂಪಿಗೆ ತಂದರೆ ನಿಂತಿದ್ದ ಸರಕು ಹೊರಗೆ ಹೋಗುತ್ತದೆ. ಹೊಸ ಪ್ರೋಟೀನು ತಯಾರಾಗದಂತೆ ತಡೆದರೂ ಹೋಗುತ್ತದೆ. ಅಂದರೆ ಆ ಚೀಲಗಳು ಸತ್ತ ಕಸವಾಗಿರಲಿಲ್ಲ, ದಾರಿ ಕಾಯುತ್ತ ನಿಂತಿದ್ದವು.

ಒಂದು ಊನದಿಂದ ಏನಾಗುತ್ತದೆ? ಕೈಗಳೆಲ್ಲ ಸಿಗಬೇಕು. ಆಗ ನೋವಿಕ್ ಗಮನಿಸಿದ್ದು ತೂಕವನ್ನು. ಸಾಗಣೆ ನಿಂತ ಕೋಶ ಒಳಗೆ ಪ್ರೋಟೀನು ತಯಾರಿಸುತ್ತಲೇ ಇರುತ್ತದೆ, ಆದರೆ ಅದರ ಪೊರೆ ಹಿಗ್ಗುವುದಿಲ್ಲ. ಪೊರೆ ಹಿಗ್ಗುವುದೇ ಚೀಲಗಳು ಬಂದು ಬೆರೆಯುವುದರಿಂದ ತಾನೆ. ಗಾತ್ರ ಅಷ್ಟೇ ಉಳಿದು ಒಳಗೆ ತುಂಬುತ್ತ ಹೋದರೆ ಕೋಶ ದಟ್ಟವಾಗುತ್ತದೆ. ಮೇಲಿಂದ ಕೆಳಗೆ ಸಾಂದ್ರತೆ ಏರುತ್ತ ಹೋಗುವ ದ್ರಾವಣದಲ್ಲಿ ಹಾಕಿ ಗಿರಗಿರನೆ ತಿರುಗಿಸಿದರೆ ಒಳ್ಳೆಯ ಕೋಶಗಳು ಮೇಲೆ, ಊನವಾದವು ತಳಕ್ಕೆ. ಬಿತ್ತನೆಗೆ ಮುಂಚೆ ಉಪ್ಪುನೀರಿನಲ್ಲಿ ಭತ್ತ ಹಾಕಿ ಜೊಳ್ಳು ತೇಲಿಸಿ ಗಟ್ಟಿ ಕಾಳು ಆರಿಸುವುದಿಲ್ಲವೇ, ಅದೇ ವಿದ್ಯೆ. ತಳದಲ್ಲಿ ಕೂತವನ್ನು ಆರಿಸಿ 1980ರಲ್ಲಿ ಅವರು 23 ವಂಶವಾಹಿಗಳ ಪಟ್ಟಿ ಕೊಟ್ಟರು. ಇಷ್ಟೊಂದು ಕೈಗಳು ಬೇಕೆಂದು ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಪಟ್ಟಿ ಇನ್ನೂ ಬೆಳೆಯಿತು.

ಮರುವರ್ಷ ಅವರು ಮಾಡಿದ್ದು ನನ್ನ ಮಟ್ಟಿಗೆ ಇಡೀ ಕೆಲಸದ ಮುಕುಟ. 23ರಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಎರಡೆರಡು ಊನಗಳನ್ನು ಒಂದೇ ಕೋಶದಲ್ಲಿ ಕೂಡಿಸಿದರು. ಒಂದೇ ಕಾಲುವೆಗೆ ಎರಡು ಕಡೆ ಕಟ್ಟೆ ಹಾಕಿದರೆ ನೀರು ನಿಲ್ಲುವುದು ಮೇಲಿನ ಕಟ್ಟೆಯಲ್ಲಿ. ಜಾಲ ಉಬ್ಬಿಕೊಂಡಿತೇ, ಗಾಲ್ಜಿ ಊದಿಕೊಂಡಿತೇ, ಪೊರೆಯ ಬಳಿ ದೊಡ್ಡ ಚೀಲಗಳು ಕೂಡಿದವೇ ಎಂದು ನೋಡುತ್ತ ಹೋದರೆ ಸಾಲು ತಾನಾಗಿ ಸಿಕ್ಕಿತು: ಜಾಲ, ಗಾಲ್ಜಿ, ಚೀಲ, ಹೊರಪೊರೆ. ಪಲಾಡೆ ಗ್ರಂಥಿಯಲ್ಲಿ ಕಂಡ ದಾರಿಯೇ ಅದು. ಬ್ರೆಡ್ಡಿನ ಯೀಸ್ಟಿಗೂ ಗಿನಿಯಿಲಿಯ ಹೊಟ್ಟೆಗೂ ದಾರಿ ಒಂದೇ.

ದಾರಿಯಷ್ಟೇ ಅಲ್ಲ, ಕೈಗಳೂ ಒಂದೇ. ಅದೇ ಹೊತ್ತಿಗೆ ಜೇಮ್ಸ್ ರಾತ್‌ಮನ್ ಬೇರೆ ಹಾದಿ ಹಿಡಿದಿದ್ದರು. ಸಸ್ತನಿಯ ಕೋಶಗಳನ್ನು ಒಡೆದು, ರಸವನ್ನು ಪ್ರಣಾಳದಲ್ಲಿಟ್ಟು, ಚೀಲಗಳು ಅಲ್ಲೇ ಗಾಲ್ಜಿಗೆ ಬೆರೆಯುವಂತೆ ಮಾಡಿ, ಬೆರೆಯಲು ಬೇಕಾದ ಪ್ರೋಟೀನನ್ನು ಬೇರ್ಪಡಿಸಿದರು. 1989ರಲ್ಲಿ ಅದರ ಅಮೈನೋ ಆಮ್ಲಗಳ ಸಾಲು ಓದಿದಾಗ ಅದು ಯೀಸ್ಟಿನ ಪಟ್ಟಿಯಲ್ಲಿದ್ದ ಸೆಕ್-18ರ ಒಡಹುಟ್ಟು ಎಂದು ಗೊತ್ತಾಯಿತು. ಸಸ್ತನಿಯ ರಸಕ್ಕೆ ಯೀಸ್ಟಿನ ಪ್ರೋಟೀನು ಹಾಕಿದರೂ ಕೆಲಸ ನಡೆಯಿತು. ಯೀಸ್ಟೂ ನಾವೂ ಬೇರೆಯಾಗಿ ನೂರು ಕೋಟಿ ವರ್ಷದ ಆಸುಪಾಸು ಆಗಿದ್ದರೂ ಒಬ್ಬರ ಸಲಕರಣೆ ಇನ್ನೊಬ್ಬರಿಗೆ ಒಪ್ಪುತ್ತದೆ. ಚೀಲದ ಪೊರೆಯ ಮೇಲೂ ಸೇರಬೇಕಾದ ಪೊರೆಯ ಮೇಲೂ ಎಳೆಯಂಥ ಪ್ರೋಟೀನುಗಳಿವೆ, ಸ್ನೇರ್ ಎಂದು ಅವುಗಳ ಹೆಸರು. ಹುರಿ ಹೊಸೆದಂತೆ ಅವು ಒಂದಕ್ಕೊಂದು ಸುತ್ತಿಕೊಂಡು ಎರಡು ಪೊರೆಗಳನ್ನೂ ಹತ್ತಿರ ಎಳೆದು ಬೆಸೆಯುತ್ತವೆ. ಹುರಿಗೊಂಡ ಎಳೆಗಳನ್ನು ಬಿಚ್ಚಿ ಮತ್ತೆ ಕೆಲಸಕ್ಕೆ ಸಿದ್ಧ ಮಾಡುವುದು ಸೆಕ್-18.

ಇಲ್ಲಿಂದ ವಿಷಯ ಮನುಷ್ಯರ ಮನೆಯೊಳಕ್ಕೆ ಬರುತ್ತದೆ. ನರಕೋಶ ತನ್ನ ಸಂದೇಶವನ್ನು ಪಕ್ಕದ ಕೋಶಕ್ಕೆ ದಾಟಿಸುವುದೂ ಇಂಥದೇ ಚೀಲಗಳಿಂದ, ಇವೇ ಎಳೆಗಳಿಂದ. ಗಾಯಕ್ಕೆ ಮಣ್ಣು ಸೇರಿ ಧನುರ್ವಾಯು ಬಂದರೆ ದವಡೆ ಕಚ್ಚಿಕೊಂಡು ಬೆನ್ನು ಬಿಲ್ಲಾಗುತ್ತದಲ್ಲ, ಅದಕ್ಕೆ ಕಾರಣವಾದ ವಿಷ ಕತ್ತರಿಸುವುದು ಈ ಎಳೆಗಳಲ್ಲೊಂದನ್ನು. ಇನ್ನು ಥಾಮಸ್ ಸ್ಯುಡಾಫ್ ಮೆದುಳಿನಲ್ಲಿ ಕಂಡುಕೊಂಡ ಮಂಕ್-18 ಎಂಬ ಪ್ರೋಟೀನು ಸೆಕ್-1ರ ನೆಂಟ. ಆ ವಂಶವಾಹಿ ಕೆಟ್ಟರೆ ಹಸುಗೂಸುಗಳಿಗೆ ತೀವ್ರ ಬಗೆಯ ಮೂರ್ಛೆರೋಗ ಬರುತ್ತದೆಂದು 2008ರಲ್ಲಿ ಜಪಾನಿನ ವೈದ್ಯರು ತೋರಿಸಿದರು. ಮಗುವಿನ ಆ ಕಾಯಿಲೆಗೆ ಹೆಸರು ಕೊಡಲು ಇಂದು ಸಾಧ್ಯವಾಗಿರುವುದರ ಬೇರು ಬರ್ಕ್ಲಿಯ ಆ ಬಿಸಿ ಯೀಸ್ಟಿನ ಬಟ್ಟಲಲ್ಲಿದೆ. ರಾತ್‌ಮನ್, ಶೆಕ್‌ಮನ್, ಸ್ಯುಡಾಫ್ ಮೂವರಿಗೂ 2013ರ ನೊಬೆಲ್ ಸಂದಿತು.

ಇದುವರೆಗೆ ಹೇಳಿದ್ದು ಹೊರಗೆ ಹೋಗುವ ದಾರಿ. ಗಾಲ್ಜಿಯಲ್ಲಿ ಕವಲೊಂದಿದೆ, ಅದು ರಸದಾನಿಗೆ ತಿರುಗುತ್ತದೆ. ಈ ಕವಲನ್ನು ಹುಡುಕಿದ ಬಗೆ ಎಷ್ಟು ಜಾಣತನದ್ದೆಂದರೆ, ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ರಸದಾನಿಯಲ್ಲಿ ಕಾರ್ಬಾಕ್ಸಿಪೆಪ್ಟಿಡೇಸ್ ವೈ ಎಂಬ ಕಿಣ್ವವಿದೆ. 1980ರ ದಶಕದಲ್ಲಿ ಕ್ಯಾಲ್‌ಟೆಕ್‌ನಲ್ಲಿ ಸ್ಕಾಟ್ ಎಮರ್ ಮತ್ತು ಸಂಗಡಿಗರು ಅದರ ತಲೆಭಾಗವನ್ನು ನಮ್ಮ ಹಳೆಯ ಗೆಳೆಯ ಇನ್ವರ್ಟೇಸಿಗೆ ಅಂಟಿಸಿದರು. ಹೊರಗೆ ಹೋಗಬೇಕಾದ ಇನ್ವರ್ಟೇಸ್ ಈಗ ರಸದಾನಿಗೆ ಹೋಯಿತು. ಸ್ವಂತ ಇನ್ವರ್ಟೇಸ್ ಇಲ್ಲದ ಯೀಸ್ಟಿಗೆ ಈ ಕೂಡುಪ್ರೋಟೀನು ಕೊಟ್ಟು ಸಕ್ಕರೆಯನ್ನಷ್ಟೇ ಆಹಾರವಾಗಿ ಇಟ್ಟರೆ ಅದು ಬೆಳೆಯಲಾರದು, ಸಕ್ಕರೆ ಬಿಡಿಸುವವನು ರಸದಾನಿಯಲ್ಲಿ ಸೆರೆಯಾಗಿದ್ದಾನೆ. ಆದರೆ ಕವಲಿನ ಕಾವಲು ಕೆಟ್ಟ ಕೋಶವಿದ್ದರೆ? ಅಲ್ಲಿ ಕೂಡುಪ್ರೋಟೀನು ತಪ್ಪಿ ಹೊರಗೆ ಬರುತ್ತದೆ, ಸಕ್ಕರೆಯ ಜೋಡಿ ಬಿಡಿಯಾಗುತ್ತದೆ, ಕೋಶ ಬೆಳೆಯುತ್ತದೆ. ಸಾವಿರಾರು ಕೋಶ ಉಪವಾಸ ಬಿದ್ದ ತಟ್ಟೆಯಲ್ಲಿ ದಾರಿ ತಪ್ಪಿಸಿದ್ದಷ್ಟೇ ಬೆಳ್ಳಗೆ ಚುಕ್ಕೆಯಾಗಿ ಏಳುತ್ತದೆ. ಬೇರೆಯವರ ಹುಡುಕಾಟವೂ ಸೇರಿ ಹೀಗೆ ಸಿಕ್ಕ ವಂಶವಾಹಿಗಳು 40ಕ್ಕೂ ಹೆಚ್ಚು. ಅವುಗಳಲ್ಲೊಂದು ವಿಪಿಎಸ್-35. ಸರಕು ಹೊತ್ತು ತಂದು ಇಳಿಸಿದ ಹೊರೆಯಾಳು ಪ್ರೋಟೀನನ್ನು ಗಾಲ್ಜಿಗೆ ವಾಪಸು ಕಳಿಸುವ ತಂಡದಲ್ಲಿ ಅದರ ಜಾಗ. ಮನುಷ್ಯರಲ್ಲಿ ಅದೇ ವಂಶವಾಹಿಯ ಒಂದು ಊನ ಕೆಲವು ಕುಟುಂಬಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ತರುತ್ತದೆಂದು 2011ರಲ್ಲಿ ತಿಳಿಯಿತು.

ಗಾಲ್ಜಿಯ ಬಗ್ಗೆ ಒಂದು ಮಾತು ಬಾಕಿ ಇದೆ. ಅದು ಒಂದೇ ಕಡೆ ನಿಂತ ನಿಲ್ದಾಣಗಳ ಸಾಲೋ, ಅಥವಾ ನಿಲ್ದಾಣವೇ ಮಾಗುತ್ತ ಮುಂದಿನದಾಗುವುದೋ ಎಂದು ದೊಡ್ಡ ವಾದ ನಡೆದಿತ್ತು. ತೀರ್ಪು ಕೊಡಲು ಯೀಸ್ಟಿನ ಚೆದುರಿದ ಗಾಲ್ಜಿಯೇ ಒದಗಿತು. ತಟ್ಟೆಗಳು ಬಿಡಿಬಿಡಿಯಾಗಿರುವುದರಿಂದ ಒಂದೊಂದನ್ನೂ ಬೇರೆಯಾಗಿ ನೋಡಬಹುದು. 2006ರಲ್ಲಿ ಷಿಕಾಗೋದ ಬೆಂಜಮಿನ್ ಗ್ಲಿಕ್ ಅವರ ತಂಡ, ಜಪಾನಿನ ಅಕಿಹಿಕೊ ನಕಾನೊ ಅವರ ತಂಡ, ಎರಡೂ ಗಾಲ್ಜಿಯ ಮೊದಲ ಹಂತದ ಪ್ರೋಟೀನಿಗೆ ಒಂದು ಬಣ್ಣ, ಕೊನೆಯ ಹಂತದ್ದಕ್ಕೆ ಇನ್ನೊಂದು ಬಣ್ಣ ಕೊಟ್ಟು ಜೀವಂತ ಯೀಸ್ಟನ್ನು ನೋಡಿದವು. ಒಂದೇ ಚುಕ್ಕೆ ಕಣ್ಣೆದುರಿಗೇ ಕೆಲವು ನಿಮಿಷಗಳಲ್ಲಿ ಒಂದು ಬಣ್ಣ ಕಳೆದುಕೊಂಡು ಇನ್ನೊಂದಕ್ಕೆ ತಿರುಗಿತು, ಮಾವಿನಕಾಯಿ ಹಸಿರು ಬಿಟ್ಟು ಬಣ್ಣಕ್ಕೆ ಬರುವಂತೆ. ಯೀಸ್ಟಿನ ಮಟ್ಟಿಗೆ ವಾದ ಅಲ್ಲಿಗೆ ನಿಂತಿತು. ಪ್ರಾಣಿಕೋಶಗಳ ವಿಚಾರದಲ್ಲಿ ಪೂರ್ತಿ ನಿಂತಿಲ್ಲ.

ಕೊನೆಯದಾಗಿ ಬೆಂಗಳೂರಿಗೆ ಬರುತ್ತೇನೆ. ನಮ್ಮ ಮೇದೋಜ್ಜೀರಕದಲ್ಲಿ ಇನ್ಸುಲಿನ್ ಹೊರಬರುವುದೂ ಜಾಲ, ಗಾಲ್ಜಿ, ಚೀಲ ಎಂಬ ಈ ಸಾಲಿನಲ್ಲೇ. ಯೀಸ್ಟಿನ ದಾರಿ ಅದೇ ಆದ್ದರಿಂದ, ಮನುಷ್ಯರ ಇನ್ಸುಲಿನ್ನಿನ ವಂಶವಾಹಿಗೆ ಯೀಸ್ಟಿಗೆ ಅರ್ಥವಾಗುವ ವಿಳಾಸದ ತುಣುಕನ್ನು ಮುಂದೆ ಕಟ್ಟಿ ಕೋಶದೊಳಗೆ ಇಟ್ಟರೆ, ಯೀಸ್ಟ್ ಅದನ್ನು ತಯಾರಿಸಿ ತಾನೇ ಹೊರಗೆ ಬಿಡುತ್ತದೆ. ಕೋಶವನ್ನು ಒಡೆದು ಸಾವಿರಾರು ಪ್ರೋಟೀನುಗಳ ನಡುವೆ ಹೆಕ್ಕುವ ಪಾಡಿಲ್ಲ, ಬೆಳೆದ ದ್ರವದಿಂದ ಸೋಸಿ ಶುದ್ಧಮಾಡಿದರಾಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆ ಪಿಕಿಯಾ ಎಂಬ ಯೀಸ್ಟಿನಲ್ಲಿ ಹೀಗೆ ಮನುಷ್ಯರ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು.

ನನ್ನ ಅಕ್ಕ ನಮ್ಮ ಜೊತೆಯಲ್ಲೇ ಇದ್ದಾಳೆ, ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷವಾಯಿತು. ಆ ಭಾನುವಾರ ಬನ್ನು ಬೇಯಲು ಇಟ್ಟ ಮೇಲೆ ಮೊಮ್ಮಗಳು ಉಳಿದ ಯೀಸ್ಟಿನ ಪೊಟ್ಟಣದ ಬಾಯಿ ಮಡಚಿ, ರಬ್ಬರು ಹಾಕಿ, ಫ್ರಿಜ್ಜಿನ ಬಾಗಿಲಿನ ಮೇಲಿನ ತಟ್ಟೆಯಲ್ಲಿ ಇಟ್ಟಳು. ಅಲ್ಲಿ ಮೊದಲೇ ಅಕ್ಕನ ಇನ್ಸುಲಿನ್ ಸೀಸೆ ಇತ್ತು. "ಅಜ್ಜ, ಹಂಗಾದ್ರೆ ಇದೂ ಅದೂ ಒಂದೇ ಮನೆಯವಾ?" ಎಂದು ಕೇಳಿ, ಪೊಟ್ಟಣವನ್ನು ಸೀಸೆಯ ಪಕ್ಕಕ್ಕೆ ಸರಿಸಿದಳು.